ಬಾಯಮ್ಮನ ಆಡುಗಳು ನೆಕ್ಕಿದ ಮಣ್ಣು

ಪ್ರಣೀತಾ, ಸುಹಾಸ್,

ಕಳೆದ ವಾರ ನೀವಿಬ್ಬರೂ ಮಣಿಪಾಲದ ನರ್ಸರಿಯಿಂದ ನನ್ನ ಮಲ್ಲಿಗೆ ಗಿಡಕ್ಕೆಂದು ಒಂದು ಚೀಲ ಗೊಬ್ಬರ ತಂದುಕೊಟ್ಟಿರಿ. ಚೀಲದ ಮೇಲೆ ಆಡಿನ ಚಿತ್ರ ಇತ್ತು. ನಾನು ಕತ್ತರಿಯಿಂದ ಅದರ ಮೂಲೆ ಕತ್ತರಿಸಿ ಒಂದು ಹಿಡಿ ಕೈಗೆ ಸುರಿದುಕೊಂಡು ಮೂಸಿ ನೋಡಿದೆ. ಆಮೇಲೆ ಒಂದು ಚಿಟಿಕೆ ನಾಲಗೆಯ ಮೇಲೆ ಇಟ್ಟುಕೊಂಡೆ. ಸುಹಾಸ, ನೀನು "ಅಜ್ಜಿ, ಎಂತ ಮಾಡ್ತಿದ್ದೀರಿ?" ಎಂದು ಓಡಿಬಂದು ನನ್ನ ಕೈ ಹಿಡಿದೆ. ಪ್ರಣೀತಾ, ನೀನು ಚೊಂಬಿನಲ್ಲಿ ನೀರು ತಂದೆ. ನಾನು ಬಾಯಿ ಮುಕ್ಕಳಿಸಿ ಒಳಗೆ ಹೋದೆ. ಅಜ್ಜಿಗೆ ವಯಸ್ಸಾಯಿತು ಎಂದು ನೀವು ನಿಮ್ಮ ಅಮ್ಮನ ಹತ್ತಿರ ಪಿಸುಗುಟ್ಟಿದ್ದು ಕೇಳಿಸಿತು. ವಯಸ್ಸಾದದ್ದು ಹೌದು. ಆದರೆ ನಾನು ಮಾಡಿದ್ದು ಮರುಳಲ್ಲ. ಎದುರು ಕುಳಿತು ಹೇಳುವುದು ನನಗೆ ಯಾವತ್ತೂ ಬಾರದ ಕೆಲಸ. ಅದಕ್ಕೇ ಬರೆಯುತ್ತಿದ್ದೇನೆ.

ಗೊಬ್ಬರ ಕೆಟ್ಟದ್ದಲ್ಲ. ಚೆನ್ನಾಗಿ ಮಾಗಿದೆ, ಉಪ್ಪಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ, ಬೆರಳಿನಿಂದ ಮುಟ್ಟಿದರೆ ಉದುರುತ್ತದೆ. ಮೊದಲು ಮೂಗಿಗೆ ಬಂದದ್ದು ಬರೀ ಮಣ್ಣಿನ ವಾಸನೆ. ಎರಡನೆಯ ಸಲ ಮೂಸಿದಾಗ ಅದರ ಅಡಿಯಲ್ಲಿ ಎಲ್ಲೋ ಆಡಿನ ಗೂಡಿನ ಆ ಬೆಚ್ಚಗಿನ ವಾಸನೆ, ಹಳೆಯ ತರಗೆಲೆಯ ಒಗರು... ಅಷ್ಟು ಸಾಕಾಯಿತು. ಅರುವತ್ತು ವರ್ಷದ ಹಿಂದಿನ ನೆರೆಮನೆಯ ಬಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎದುರು ನಿಂತ ಹಾಗಾಯಿತು.

ನಾನು ಹುಟ್ಟಿದ್ದು ಎರ್ಮಾಳಿನಲ್ಲಿ. ನಮ್ಮದು ಮೀನುಗಾರರ ಮನೆಯಲ್ಲ, ಆದರೆ ಸಮುದ್ರ ನಮ್ಮ ತೆಂಗಿನ ತೋಟದ ಆಚೆಗೇ ಇತ್ತು. ಊರಿನ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಕಲಿತೆ. ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಶಿರ್ವದ ಒಳಗಿನ ಈ ಮನೆಗೆ ಬಂದೆ. ನಿಮ್ಮ ಅಜ್ಜ ಆಗ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ಕೆಟ್ಟವರಲ್ಲ, ಆದರೆ ಮಾತು ಖಾರ. ನಾನು ಮೊದಲೇ ಮಾತು ಕಡಿಮೆ, ಅವರ ಎದುರಂತೂ ಇನ್ನೂ ಕಡಿಮೆ. ಹೊಸದರಲ್ಲಿ ಅವರು ಎಂತ ಕೇಳಿದರೂ ನಾನು ತಲೆಯಾಡಿಸುತ್ತಿದ್ದೆ. "ಇವಳಿಗೆ ನಾಲಗೆ ಉಂಟಾ ಅಂತ ನೋಡಿಯೇ ತಂದದ್ದಾ?" ಎಂದು ಅವರು ಮಗನನ್ನು ಕೇಳಿದ್ದೂ ಉಂಟು.

ನಮ್ಮ ಅಂಗಳದ ಆಚೆಗೆ ಬೇಲಿ, ಬೇಲಿಯಲ್ಲಿ ಒಂದು ತಡಮೆ. ಎರಡು ಅಡ್ಡ ಬಿದಿರು ಸರಿಸಿದರೆ ಬಾಯಮ್ಮನ ಹಿತ್ತಲು. ಅವರ ಹೆಸರು ಬೇರೆಯೇ ಇತ್ತು, ಇಗರ್ಜಿಯ ಪುಸ್ತಕದಲ್ಲಿ ಇರುವ ಹೆಸರು. ಆದರೆ ಊರಿನಲ್ಲಿ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಕರೆಯುತ್ತಿದ್ದದ್ದೇ ಬಾಯಮ್ಮ ಎಂದು. ನಮಗೂ ಅವರು ಬಾಯಮ್ಮ ಮಾತ್ರ. ಐವತ್ತೈದು ದಾಟಿದ ವಿಧವೆ, ಅಗಲವಾದ ಅಂಗೈ, ಕುತ್ತಿಗೆಯಲ್ಲಿ ಜಪಮಾಲೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು. ಒಬ್ಬಳೇ ಮಗಳನ್ನು ಕಾರ್ಕಳಕ್ಕೆ ಮದುವೆ ಮಾಡಿಕೊಟ್ಟಿದ್ದರು. ದೇವರ ಹತ್ತಿರ ಕೊಂಕಣಿ, ಆಡುಗಳ ಹತ್ತಿರವೂ ಕೊಂಕಣಿ, ನಮ್ಮ ಹತ್ತಿರ ತುಳು. ನಾನು ಇಲ್ಲಿ ಬರೆಯುವ ಅವರ ಮಾತೆಲ್ಲ ತುಳುವಿನಲ್ಲಿ ಆಡಿದ್ದು. ನಿಮಗೆ ಓದಲು ಸುಲಭವಾಗಲಿ ಎಂದು ಕನ್ನಡ ಮಾಡಿದ್ದೇನೆ.

ಅವರ ಬದುಕು ನಡೆಯುತ್ತಿದ್ದದ್ದು ಮಲ್ಲಿಗೆಯಿಂದ. ನಲುವತ್ತು ಗಿಡ ಇತ್ತು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಹತ್ತು ಗಂಟೆಯೊಳಗೆ ಮಲ್ಲಿಗೆ ವ್ಯಾಪಾರದವರಿಗೆ ಕೊಡಬೇಕು. ಅಲ್ಲಿಂದ ಅದು ಉಡುಪಿಗೆ ಹೋಗುತ್ತಿತ್ತು. ಆದರೆ ಬಾಯಮ್ಮನಿಗೆ ಹೆಸರು ಬಂದದ್ದು ಹೂವಿನಿಂದಲ್ಲ, ಗೆಲ್ಲಿನಿಂದ, ಎಂದರೆ ನೆಡಲು ಕತ್ತರಿಸಿಕೊಡುವ ಕೊಂಬೆಯಿಂದ. ಮಳೆ ಹಿಡಿದ ಕೂಡಲೇ ಕಾಪು ಕಡೆಯಿಂದ, ಉಡುಪಿ ಕಡೆಯಿಂದಲೂ ಹೆಂಗಸರು ಬಂದು ಅವರಿಂದ ಬೇರು ಬಿಟ್ಟ ಗೆಲ್ಲು ತೆಗೆದುಕೊಂಡು ಹೋಗುತ್ತಿದ್ದರು. ಅವರದ್ದು ಕೈಗುಣ ಎಂದು ಎಲ್ಲರೂ ಹೇಳುತ್ತಿದ್ದರು. ಅವರ ಕೈಯಿಂದ ತಂದ ಗಿಡ ಸಾಯುವುದಿಲ್ಲ ಎಂಬ ನಂಬಿಕೆ.

"ಕೈಗುಣ ಅಂತ ಎಂತ ಇಲ್ಲ ಮಗಾ. ಎಲ್ಲ ಇವುಗಳದ್ದು," ಎಂದು ಅವರು ಆಡಿನ ಗೂಡಿನ ಕಡೆಗೆ ಗಲ್ಲ ಎತ್ತಿ ತೋರಿಸುತ್ತಿದ್ದರು. "ಊರಿಗೆ ಹೇಳಬೇಡ. ಅವರು ಕೈಗುಣ ಅಂತಲೇ ತಿಳಿದುಕೊಳ್ಳಲಿ."

ಆಡು ನಾಲ್ಕು, ಕೋಳಿ ಹತ್ತು ಹನ್ನೆರಡು. ಆಡಿನ ಗೂಡಿಗೆ ನೆಲದಿಂದ ಎತ್ತರದಲ್ಲಿ ಅಡಿಕೆ ಮರದ ಸಲಾಕೆಯ ಅಟ್ಟಳಿಗೆ. ಹಿಕ್ಕೆಗಳು ಸಂದಿಯಿಂದ ಕೆಳಗೆ ಬೀಳುತ್ತಿದ್ದವು. ಮರಿ ಇರುವ ಮೂಲೆಯಲ್ಲಿ ಮಾತ್ರ ನೆಲದ ಮೇಲೆ ಹಲಸಿನ ತರಗೆಲೆ ಹಾಸುತ್ತಿದ್ದರು. ಕೋಳಿಗೂಡಿಗೆ ಭತ್ತದ ಉಮಿ. ಇದೆಲ್ಲ ವಾರಕ್ಕೊಮ್ಮೆ ಹಲಸಿನ ಮರದ ನೆರಳಿನಲ್ಲಿದ್ದ ಗುಂಡಿಗೆ ಹೋಗಬೇಕು. ಒಂದು ಪದರ ಆಡಿನದ್ದು, ಅದರ ಮೇಲೆ ಹಸಿ ಸೊಪ್ಪು, ಅದರ ಮೇಲೆ ಕೋಳಿಯದ್ದು ತೆಳ್ಳಗೆ, ಮತ್ತೆ ಸೊಪ್ಪು, ಮೇಲಿನಿಂದ ನಮ್ಮ ಹಟ್ಟಿಯ ಸೆಗಣಿ ನೀರು, ಕೊನೆಗೆ ತೆಂಗಿನ ಮಡಲಿನ ಮುಚ್ಚಿಗೆ. ಕೋಳಿಯದ್ದು ಸಿಟ್ಟಿನ ಗೊಬ್ಬರ ಎನ್ನುತ್ತಿದ್ದರು ಅವರು. ಒಂಟಿಯಾಗಿ ಹಾಕಿದರೆ ಬೇರು ಸುಡುತ್ತದೆ. ಆಡಿನದ್ದು ಸಮಾಧಾನದ್ದು, ಆದರೆ ಅದಕ್ಕೂ ಸಮಯ ಕೊಡಬೇಕು. ಹಿಕ್ಕೆಯ ಒಂದು ಕಾಳನ್ನು ಬೆರಳುಗಳ ನಡುವೆ ಒಡೆದು ನೋಡುವುದು ಅವರ ಪರೀಕ್ಷೆ. ಒಳಗೆ ಹಸಿರು ಕಂಡರೆ ಮತ್ತೆ ಗುಂಡಿಗೆ. ಒಳಗೂ ಕಪ್ಪಾಗಿ ಹುಡಿಹುಡಿಯಾದರೆ ಗಿಡಕ್ಕೆ.

ಇದನ್ನೆಲ್ಲ ನಾನು ಕಲಿತದ್ದು ತಡಮೆ ದಾಟಿ ದಾಟಿ. ಮೊದಲು ಸೆಗಣಿ ಕೊಡಲು ಹೋದೆ, ಆಮೇಲೆ ಹೂ ಕಟ್ಟಲು, ಕೊನೆಗೆ ಏನೂ ಕಾರಣವಿಲ್ಲದೆ. ಅಲ್ಲಿ ನಾನು ಮಾತಾಡುತ್ತಿದ್ದೆ. ಬೊಳ್ಳಿ ಎಂಬ ಬಿಳಿ ಆಡು ಇತ್ತು, ಅದರ ಹತ್ತಿರ ಸ್ವಲ್ಪ ಜಾಸ್ತಿಯೇ ಮಾತಾಡುತ್ತಿದ್ದೆ. ಅತ್ತೆಗೆ ಇದು ಸರಿಬರಲಿಲ್ಲ.

"ನಮ್ಮ ಮನೆಯ ಸೊಸೆ ಪೊರ್ಬುಗಳ ಆಡಿನ ಹಿಕ್ಕೆ ಹೊರುದಾ? ನೋಡಿದವರು ಎಂತ ಹೇಳ್ತಾರೆ?" ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು ವಾಡಿಕೆ.

ನಿಮ್ಮ ಅಜ್ಜ ಚಪ್ಪಲಿ ಕಳಚುತ್ತಾ, "ಹೋಗಲಿ ಬಿಡಮ್ಮ. ಇಲ್ಲಿ ಬಾಯಿ ಬಿಡುದಿಲ್ಲ. ಅಲ್ಲಿ ಆಡಿನ ಹತ್ತಿರವಾದರೂ ಮಾತಾಡ್ತಾಳೆ," ಎಂದರು.

"ಹಾಗಾದ್ರೆ ನಾನೂ ನಾಲ್ಕು ಕಾಲಲ್ಲಿ ನಿಲ್ಲಬೇಕಾ?"

ಅಜ್ಜ ನಕ್ಕರು. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡೆ. ಅತ್ತೆ ಕೊನೆಗೆ ಒಪ್ಪಿದರು, ಆದರೆ ಒಂದು ಮಾತು ಇಟ್ಟರು. "ಇವಳಿಂದ ಅಲ್ಲಿ ಏನಾದರೂ ತೊಂದರೆ ಆಯ್ತೋ, ಆವತ್ತೇ ಆ ತಡಮೆಗೆ ಮುಳ್ಳು ಬಡಿಸ್ತೇನೆ." ಅತ್ತೆ ಹೇಳಿದ್ದನ್ನು ಮಾಡುವವರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಈ ಕಥೆಯಲ್ಲಿ ನೀವೂ ಅದನ್ನು ನೆನಪಿಡಿ.

ನಾನು ಬಂದ ಮೂರನೆಯ ವರ್ಷ ಬಾಯಮ್ಮನ ಮಗಳಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಬಾಯಮ್ಮ ಕಾರ್ಕಳಕ್ಕೆ ಹೋಗಬೇಕಾಯಿತು, ನಲುವತ್ತು ದಿನ. ಗಿಡ, ಆಡು, ಕೋಳಿ ಎಲ್ಲವನ್ನೂ ಯಾರಿಗೆ ಒಪ್ಪಿಸುವುದು? ಅವರದೇ ಇಗರ್ಜಿಯ ಹೆಂಗಸರು ಬೇಕಾದಷ್ಟಿದ್ದರು. ಅವರು ತಡಮೆಯ ಹತ್ತಿರ ಬಂದು ನಮ್ಮ ಅತ್ತೆಯ ಹತ್ತಿರ ನನ್ನನ್ನೇ ಕೇಳಿದರು. ಆ ದಿನ ನಾನು ಎಷ್ಟು ಹಿಗ್ಗಿದೆ ಎಂದರೆ ಗಂಜಿ ಅಡಿಹಿಡಿದದ್ದೂ ಗೊತ್ತಾಗಲಿಲ್ಲ.

ಹೋಗುವ ಮೊದಲು ಬಾಯಮ್ಮ ನನ್ನನ್ನು ಗಿಡಗಳ ನಡುವೆ ನಡೆಸಿಕೊಂಡು ಹೋಗಿ ಹೇಳಿದರು. ಗುಂಡಿ ಎರಡು. ದೊಡ್ಡ ಗುಂಡಿಯದ್ದು ಇನ್ನೂ ಮಾಗಬೇಕು, ಮುಟ್ಟಬಾರದು. ಸಣ್ಣ ಗುಂಡಿಯದ್ದು ತಯಾರಾಗಿದೆ. ಹದಿನೈದು ದಿನ ಬಿಟ್ಟು ಅದನ್ನು ಮೂಡುಬದಿಯ, ಎಂದರೆ ಪೂರ್ವದ ಕಡೆಯ, ಸಾಲಿಗೆ ಹಾಕಬೇಕು, ಗಿಡಕ್ಕೆ ಒಂದು ಬುಟ್ಟಿ. ಆ ಸಾಲಿನಲ್ಲಿ ಹನ್ನೆರಡು ಗಿಡ. ಮೊದಲನೆಯದು ತಾಯಿಗಿಡ, ಬಾಯಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. ಹಿತ್ತಲಿನ ಉಳಿದ ಗಿಡಗಳೂ ಊರಿಗೆ ಕೊಟ್ಟ ಗೆಲ್ಲುಗಳೂ ಎಲ್ಲ ಅದರ ಮಕ್ಕಳು.

"ಬೇರೆ ಎಂತದೂ ಮಾಡುದು ಬೇಡ," ಎಂದರು. "ಮಾಡಬೇಕು ಅಂತ ಕಂಡರೂ ಮಾಡಬೇಡ. ಗಿಡಕ್ಕೆ ನಮ್ಮ ಪ್ರೀತಿ ಜಾಸ್ತಿ ಆದ್ರೆ ತಡೆಯುದಿಲ್ಲ."

ನಾನು ತಲೆಯಾಡಿಸಿದೆ. ಅಲ್ಲಿಯೂ ತಲೆಯಾಡಿಸುವ ಅಭ್ಯಾಸ ಹೋಗಿರಲಿಲ್ಲ.

ಅದರ ಮುಂದಿನ ವಾರ ನಾನು ತವರಿಗೆ ಒಂದು ದಿನದ ಮಟ್ಟಿಗೆ ಹೋಗಿದ್ದೆ. ಅಪ್ಪ ತೆಂಗಿನ ಬುಡ ಬಿಡಿಸಿ ಉಪ್ಪು ಹಾಕಿಸುತ್ತಿದ್ದರು. ಸಮುದ್ರದ ಬದಿಯವರಿಗೆ ಇದು ಹೊಸತಲ್ಲ. ಒಣಮೀನು ಮಾಡುವವರಲ್ಲಿ ಮೀನು ಉಪ್ಪಿಗೆ ಹಾಕಿ ತೆಗೆದ ಮೇಲೆ ಅಡಿಯಲ್ಲಿ ಉಳಿಯುವ ಕಂದು ಬಣ್ಣದ ಉಪ್ಪು, ಅದರಲ್ಲಿ ಮೀನಿನ ಚೂರು, ರಕ್ತ ಎಲ್ಲ ಸೇರಿರುತ್ತದೆ. ಅದು ಬಿದ್ದ ತೆಂಗು ಗೊನೆ ಗೊನೆ ಕಾಯಿ ಬಿಡುತ್ತದೆ. ಹುಟ್ಟಿದಾಗಿನಿಂದ ನಾನು ನೋಡಿದ ಗೊಬ್ಬರವೇ ಅದು. ಒಳ್ಳೆಯ ಗೊಬ್ಬರ ಎಂದರೆ ಉಪ್ಪು ಇರುವುದು ಎಂದೇ ನಾನು ತಿಳಿದಿದ್ದೆ. ಹಾಗಲ್ಲ ಎಂದು ಹೇಳುವವರು ನಮ್ಮ ಊರಿನಲ್ಲಿ ಯಾರೂ ಇರಲಿಲ್ಲ, ಯಾಕೆಂದರೆ ಅಲ್ಲಿ ತೆಂಗಲ್ಲದೆ ಬೇರೆ ಬೆಳೆಯೇ ಇರಲಿಲ್ಲ.

ಅತ್ತೆಯ ಎರಡು ತೆಂಗಿನ ಮರಕ್ಕೆಂದು ಅಪ್ಪ ಒಂದು ಗೋಣಿ ಕಟ್ಟಿಕೊಟ್ಟರು. ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆ. ಇಳಿಸುವಾಗ ಕ್ಲೀನರ್ ಮೂಗು ಮುಚ್ಚಿಕೊಂಡು, "ಅಕ್ಕ, ಇದರಲ್ಲಿ ಮೀನು ಉಂಟಾ, ಮೀನಿನ ಅಜ್ಜ ಉಂಟಾ?" ಎಂದು ಕೇಳಿದ್ದು ನೆನಪಿದೆ. ಅರ್ಧ ಗೋಣಿ ಅತ್ತೆಯ ತೆಂಗಿಗೆ ಹಾಕಿದೆ. ಅರ್ಧ ಉಳಿಯಿತು.

ಮುಂದಿನದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ನಿಮ್ಮ ಅಜ್ಜನಿಗೂ ಹೇಳಿರಲಿಲ್ಲ.

ಆ ಅರ್ಧ ಗೋಣಿಯನ್ನು ನಾನು ಬಾಯಮ್ಮನ ಸಣ್ಣ ಗುಂಡಿಗೆ ಸುರಿದೆ. ಹಾರೆಯಿಂದ ಎಳೆದು ಚೆನ್ನಾಗಿ ಬೆರೆಸಿದೆ. ಅವರು ಹಿಂದೆ ಬರುವಾಗ ಮೂಡುಬದಿಯ ಸಾಲು ಬೆಳ್ಳಗೆ ತುಂಬಿರಬೇಕು, ಎಂತ ಮಾಡಿದೆ ಮಗಾ ಎಂದು ಅವರು ಕೇಳಬೇಕು, ನಾನು ಸುಮ್ಮನೆ ನಗಬೇಕು... ಅಷ್ಟೇ ನನ್ನ ಆಸೆ. ಹೇಳಿದ ದಿನಕ್ಕೆ ಗಿಡಕ್ಕೊಂದು ಬುಟ್ಟಿಯಂತೆ ಹಾಕಿದೆ. ತಾಯಿಗಿಡಕ್ಕೆ ಎರಡು ಬುಟ್ಟಿ.

ವಾರದೊಳಗೆ ಎಲೆಯ ಅಂಚು ಕಂದಿತು, ಇಸ್ತ್ರಿ ಪೆಟ್ಟಿಗೆ ತಾಗಿದ ಬಟ್ಟೆಯ ಹಾಗೆ. ಗೊಬ್ಬರ ಸಾಲಲಿಲ್ಲ ಎಂದುಕೊಂಡು ನಾನು ಗುಂಡಿಯ ತಳದಲ್ಲಿ ಉಳಿದದ್ದನ್ನೂ ತಂದು ಹಾಕಿದೆ. ಮೊಗ್ಗು ಉದುರಿತು. ಎಲೆ ಉದುರಿತು. ಪಡುವಣದ ಕಡೆಯ ಇಪ್ಪತ್ತೆಂಟು ಗಿಡಗಳು ಹಸಿರಾಗಿ ನಿಂತಿದ್ದವು, ಈ ಹನ್ನೆರಡು ಮಾತ್ರ ಕಡ್ಡಿ. ನಾನು ದಿನಾ ಬೆಳಿಗ್ಗೆ ಹೋಗಿ ತಾಯಿಗಿಡದ ತೊಗಟೆಯನ್ನು ಉಗುರಿನಿಂದ ಗೀರಿ ನೋಡುತ್ತಿದ್ದೆ. ಹಸಿರು ಕಂಡರೆ ಆ ದಿನ ಊಟ ಮಾಡುತ್ತಿದ್ದೆ.

ಬಾಯಮ್ಮ ಬಂದದ್ದು ಅವರ ತಪಸ್ಸು ಕಾಲದಲ್ಲಿ, ಮೀನು ಮಾಂಸ ಬಿಟ್ಟ ದಿನಗಳಲ್ಲಿ. ಬಸ್ಸಿನಿಂದ ಇಳಿದು, ಗಂಟು ಜಗಲಿಯ ಮೇಲಿಟ್ಟು, ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿ, ನಗುತ್ತಲೇ ಹಿತ್ತಲಿಗೆ ಬಂದರು. ನಾನು ಹಿಂದಿನಿಂದ ಬಂದೆ. ಸಾಲು ನೋಡಿ ನಗು ನಿಂತಿತು. ಅವರು ಮೊದಲು ಎಲೆ ನೋಡಿದರು, ಎಲೆಯ ಹಿಂಬದಿ ನೋಡಿದರು, ಹುಳ ಇಲ್ಲ. ಬುಡ ಕೆದಕಿದರು, ಗೆದ್ದಲು ಇಲ್ಲ. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಬಹುಶಃ ಹೇಳುತ್ತಿದ್ದೆ. ಅಥವಾ ಇಲ್ಲವೋ ಏನೋ...

ಆಗ ಬೊಳ್ಳಿ ಬಂತು. ಯಜಮಾನಿಯ ಸ್ವರ ಕೇಳಿ ಹಗ್ಗ ಕಿತ್ತುಕೊಂಡು ಬಂದಿತ್ತು. ಆಡು ಮಲ್ಲಿಗೆ ಸಾಲಿಗೆ ನುಗ್ಗಿದರೆ ಮೊದಲು ಬಾಯಿ ಹಾಕುವುದು ಚಿಗುರಿಗೆ. ಆದರೆ ಬೊಳ್ಳಿ ಹಸಿರು ಗಿಡಗಳನ್ನೆಲ್ಲ ದಾಟಿ, ಬಾಯಮ್ಮನನ್ನೂ ದಾಟಿ, ತಾಯಿಗಿಡದ ಬುಡಕ್ಕೆ ಹೋಗಿ ಮಂಡಿಯೂರಿ ಮಣ್ಣು ನೆಕ್ಕತೊಡಗಿತು. ಅದರ ಹಿಂದೆ ಮರಿ ಬಂತು. ಅದೂ ನೆಕ್ಕಿತು. ಎಳೆದರೂ ಬಿಡಲಿಲ್ಲ.

ಬಾಯಮ್ಮ ಸ್ವಲ್ಪ ಹೊತ್ತು ಆಡನ್ನೇ ನೋಡಿದರು. ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಚಿಟಿಕೆ ಮಣ್ಣು ತೆಗೆದು ತಮ್ಮ ನಾಲಗೆಯ ಮೇಲಿಟ್ಟುಕೊಂಡರು. ಪಕ್ಕಕ್ಕೆ ಉಗುಳಿದರು.

"ಉಪ್ಪು," ಎಂದರು.

ಆ ಊರಿನಲ್ಲಿ ಉಪ್ಪಿನ ಬದಿಯಿಂದ ಬಂದವಳು ನಾನೊಬ್ಬಳೇ. ಅವರು ನನ್ನ ಮುಖ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಾರೆ ತಾ ಮಗಾ. ಬುಟ್ಟಿಯೂ ತಾ. ಕೊಡಪಾನ ಎಷ್ಟುಂಟು ನಿಮ್ಮಲ್ಲಿ?" ಎಂದು ಕೇಳಿದರು.

ನಾಲ್ಕು ದಿನ ನಾವಿಬ್ಬರೂ ಮಾಡಿದ ಕೆಲಸ ನನಗೆ ಈಗಲೂ ಬೆನ್ನಿನಲ್ಲಿ ನೆನಪಿದೆ. ಪ್ರತಿ ಗಿಡದ ಸುತ್ತ ಬೇರಿಗೆ ತಾಗದ ಹಾಗೆ ಮಣ್ಣು ತೆಗೆದೆವು. ಆ ಮಣ್ಣನ್ನು ಬಿಸಾಡಲು ನಾನು ಬೇಲಿಯ ಕಡೆಗೆ ಹೋದರೆ ಅವರು ತಡೆದರು. "ಅದು ತೆಂಗಿಗೆ ಹೋಗಲಿ. ತೆಂಗಿಗೆ ಅದು ಪಾಯಸ." ಅವರಿಗೆ ಎಲ್ಲ ಗೊತ್ತಾಗಿದೆ ಎಂದು ಆ ಮಾತಿನಿಂದ ನನಗೆ ಖಾತ್ರಿಯಾಯಿತು. ಮತ್ತೆ ಬಾವಿಯಿಂದ ರಾಟೆಯಲ್ಲಿ ನೀರು ಎಳೆದು, ಒಂದೊಂದು ಬುಡಕ್ಕೆ ಇಪ್ಪತ್ತು ಕೊಡ, ನಿಲ್ಲಿಸಿ ನಿಲ್ಲಿಸಿ ಸುರಿದೆವು. ಉಪ್ಪು ತೊಳೆದು ಆಳಕ್ಕೆ ಇಳಿಯಬೇಕು. ಬೇಸಗೆಯ ಬಾವಿ, ಕೊಡ ತಳಕ್ಕೆ ತಾಗುವ ಸದ್ದು ಕೇಳುತ್ತಿತ್ತು. ಮೂರನೆಯ ದಿನ ಬಾಯಮ್ಮ ಮತ್ತೆ ಮಣ್ಣು ರುಚಿ ನೋಡಿ, ನನ್ನ ಕಡೆಗೂ ಒಂದು ಚಿಟಿಕೆ ಚಾಚಿದರು. "ನೋಡು. ನಿನಗೆ ನನಗಿಂತ ಚೆನ್ನಾಗಿ ಗೊತ್ತಾಗ್ತದೆ." ನೋಡಿದೆ. ಇನ್ನೂ ಇತ್ತು. ನಾಲ್ಕನೆಯ ದಿನ ಸಂಜೆ ಇರಲಿಲ್ಲ.

ಕೊನೆಗೆ ಬೇರೆ ಕಡೆಯಿಂದ ತಂದ ಹೊಸ ಮಣ್ಣಿನ ಜೊತೆ ದೊಡ್ಡ ಗುಂಡಿಯ ಅಡಿಯಿಂದ ಆರಿಸಿದ ಹಳೆಯ ಆಡಿನ ಗೊಬ್ಬರ ಸೇರಿಸಿ ಬುಡ ಮುಚ್ಚಿದೆವು. ಮೇಲೆ ಮರಿಯ ಮೂಲೆಯ ತರಗೆಲೆ ಹಾಸು.

ಅತ್ತೆ ಸುಮ್ಮನಿರುವವರೇ? ಎರಡನೆಯ ದಿನವೇ ತಡಮೆಯ ಹತ್ತಿರ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಎಂತಾಯ್ತು ಬಾಯಮ್ಮ ನಿಮ್ಮ ಮಲ್ಲಿಗೆಗೆ? ಇವಳು ಎಂತಾದರೂ ಮಾಡಿದಳಾ?"

ನಾನು ಕೊಡಪಾನ ಸೊಂಟದಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದೆ. ನೀರು ತುಳುಕಿ ಸೀರೆ ಒದ್ದೆಯಾಗುತ್ತಿತ್ತು.

ಬಾಯಮ್ಮ ಬೆನ್ನು ನೇರ ಮಾಡಿ, "ಅವಳೆಂತ ಮಾಡುದು ಅಕ್ಕ. ನಾನೇ ಹೋಗುವ ಗಡಿಬಿಡಿಯಲ್ಲಿ ಕೋಳಿಯದ್ದು ಹಸಿ ಹಸಿ ಹಾಕಿ ಹೋದೆ. ಸುಟ್ಟು ಹೋಯ್ತು," ಎಂದರು.

"ನೀವಾ? ಹಸಿ ಹಾಕಿದ್ದಾ?"

"ಮಗಳ ಚಿಂತೆ. ಅರಳು ಮರಳು."

"ಅಯ್ಯೋ ಮಾರಾಯ್ತಿ," ಎಂದರು ಅತ್ತೆ. ಅವರಿಗೆ ನಿಜವಾಗಿಯೂ ಪಾಪ ಎನಿಸಿತು. ಮಧ್ಯಾಹ್ನ ನನ್ನ ಕೈಯಲ್ಲಿ ಅವರಿಗೆ ಎಳನೀರು ಕಳಿಸಿದರು. ಆದರೆ ಮರುದಿನದಿಂದ, ಬಾಯಮ್ಮನಂಥ ಬಾಯಮ್ಮನೇ ಹಸಿ ಗೊಬ್ಬರ ಹಾಕಿ ಗಿಡ ಸುಟ್ಟರು ಎಂಬುದು ಅತ್ತೆಯ ಬಾಯಿಂದಲೇ ಊರೆಲ್ಲ ಹೋಯಿತು. ನಿನ್ನೆ ಮೊನ್ನೆ ಕೃಷಿ ಕಲಿತವರು ಮಾಡುವ ತಪ್ಪು ಅದು. ಕೇಳಿದವರು ನಕ್ಕರು.

ಹನ್ನೆರಡರಲ್ಲಿ ಐದು ಗಿಡ ಬದುಕಿದವು. ತಾಯಿಗಿಡ ಬದುಕಲಿಲ್ಲ. ಬುಡ ಒಣಗುವ ಮೊದಲು ಬಾಯಮ್ಮ ಅದರ ಒಂದು ಹಸಿರು ಗೆಲ್ಲು ಹುಡುಕಿ ಕತ್ತರಿಸಿ, ಗೊಬ್ಬರ ತುಂಬಿದ ಹಳೆಯ ಮಡಕೆಯಲ್ಲಿ ನೆಟ್ಟು ನನ್ನ ಕೈಗೆ ಕೊಟ್ಟರು. "ಇದಕ್ಕೆ ನೀನೇ ನೀರು ಹಾಕು," ಎಂದರು. ಒಂದು ತಿಂಗಳು ಅದು ಕಡ್ಡಿಯಾಗಿಯೇ ಇತ್ತು. ಆಮೇಲೆ ಎರಡು ಎಲೆ ಬಂತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ವರ್ಷವೂ ಮಳೆ ಹಿಡಿದ ಕೂಡಲೇ ಬಾಯಮ್ಮ ಊರವರಿಗೆ ಕೊಡಲೆಂದು ಅಡಿಕೆ ಹಾಳೆಯ ತೊಟ್ಟೆಗಳಲ್ಲಿ ಮಣ್ಣು ತುಂಬಿ ಗೆಲ್ಲು ಸಾಲಾಗಿ ಇಟ್ಟಿದ್ದರು, ನಲುವತ್ತರ ಮೇಲೆ. ಪಡುವಣ ಸಾಲಿನ ಒಳ್ಳೆಯ ಗೆಲ್ಲುಗಳು, ಎಲ್ಲದಕ್ಕೂ ಬೇರು ಬಂದಿತ್ತು. ಜಗಲಿಯಲ್ಲಿ ಮಣೆ ಹಾಕಿಕೊಂಡು ಅವರು ಕಾದರು. ಬೇರೆ ವರ್ಷಗಳಲ್ಲಿ ಕೊಡೆ ಇಡಲು ಜಾಗ ಇರುತ್ತಿರಲಿಲ್ಲ. ಆ ವರ್ಷ ಇಬ್ಬರು ಬಂದರು, ಅದರಲ್ಲಿ ಒಬ್ಬರು ನೆಂಟರು.

ಒಂದು ದಿನ ಕಾಪು ಕಡೆಯ ಒಬ್ಬ ಹೆಂಗಸು ಬುಟ್ಟಿ ಹಿಡಿದುಕೊಂಡು ನಮ್ಮ ಅಂಗಳದಲ್ಲಿ ನಿಂತು ಅತ್ತೆಯನ್ನು ಕೇಳಿದಳು. "ಬಾಯಮ್ಮನ ಕೈಯಿಂದ ಗಿಡ ತರುದಾ ಬೇಡವಾ ಅಕ್ಕ? ಅವರದ್ದು ಕೈಗುಣ ಹೋಗಿದೆ ಅಂತ ಹೇಳ್ತಾರೆ, ಹೌದಾ?"

"ನಾನು ಹೇಗೆ ಹೇಳುದು? ತಾಯಿಗಿಡವೇ ಹೋಯ್ತು ಅವರದ್ದು," ಎಂದರು ಅತ್ತೆ.

ನಾನು ಅಲ್ಲೇ ಬಾವಿಕಟ್ಟೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದೆ. ಕತ್ತಿ ಕೈಯಲ್ಲೇ ನಿಂತಿತು. ಉಪ್ಪು ನಾನು ಹಾಕಿದ್ದು ಎಂದು ಹೇಳಿದರೆ ಸಾಕಿತ್ತು. ಆ ಹೆಂಗಸು ತಡಮೆ ದಾಟಿ ಹೋಗುತ್ತಿದ್ದಳು. ಆದರೆ ನನಗೆ ತಡಮೆಯ ಮೇಲೆ ಮುಳ್ಳು ಕಾಣಿಸುತ್ತಿತ್ತು. ನಾನು ತಲೆ ತಗ್ಗಿಸಿ ಬಂಗುಡೆಯ ಹೊಟ್ಟೆ ಬಿಡಿಸಿದೆ. ಅವಳು ಬುಟ್ಟಿ ಖಾಲಿಯಾಗಿಯೇ ತೆಗೆದುಕೊಂಡು ಹಿಂದೆ ಹೋದಳು. ಬೇಲಿಯ ಆಚೆ ಜಗಲಿಯಲ್ಲಿ ಬಾಯಮ್ಮ ಕುಳಿತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಸುವಷ್ಟು ಹತ್ತಿರವೇ ಇದ್ದರು.

ಉಳಿದ ಗೆಲ್ಲುಗಳನ್ನು ಆಟಿ ತಿಂಗಳ ಜಡಿಮಳೆಯಲ್ಲಿ ನಾವಿಬ್ಬರೇ ಅವರ ಹಿತ್ತಲಿನಲ್ಲಿ ನೆಟ್ಟೆವು. ಬಾಯಮ್ಮ ಯಾವತ್ತಿನ ಹಾಗೆಯೇ ಇದ್ದರು, ತಮಾಷೆ ಮಾಡುತ್ತಿದ್ದರು. ನನಗೆ ಮಾತ್ರ ಆ ಮಳೆಗಾಲ ಮುಗಿಯಲೇ ಇಲ್ಲ.

ಮುಂದಿನ ವರ್ಷ ಐದಾರು ಜನ ಬಂದರು, ಅದರ ಮುಂದಿನ ವರ್ಷ ಹತ್ತು. ಜಗಲಿ ಮೊದಲಿನ ಹಾಗೆ ಒಮ್ಮೆಯೂ ತುಂಬಲಿಲ್ಲ. ನಾನು ಅವರಿಂದ ಕಲಿಯುವುದನ್ನೆಲ್ಲ ಕಲಿತೆ. ನಿಮ್ಮ ಅಪ್ಪ ಹುಟ್ಟಿದ, ಅವನನ್ನು ಸೊಂಟದಲ್ಲಿ ಕೂರಿಸಿಕೊಂಡು ತಡಮೆ ದಾಟುತ್ತಿದ್ದೆ. ಅವನು ಮೊದಲು ಕಲಿತ ಶಬ್ದಗಳಲ್ಲಿ ಬೊಳ್ಳಿಯ ಹೆಸರೂ ಒಂದು.

ಅರುವತ್ತರ ದಶಕ ಮುಗಿಯುತ್ತಾ ಬಂದಾಗ ಬಾಯಮ್ಮನಿಗೆ ಮಂಡಿ ನೋವು ಹೆಚ್ಚಾಗಿ, ಮಗಳು ಕಾರ್ಕಳಕ್ಕೆ ಕರೆದುಕೊಂಡು ಹೋಗಲು ಬಂದಳು. ಜಾಗ ತಂಗಿಯ ಮಗನಿಗೆ ಬಿಟ್ಟುಕೊಟ್ಟರು. ಆಡುಗಳನ್ನು ಕಾಪುವಿನ ಆಡಿನ ವ್ಯಾಪಾರದ ಒಬ್ಬ ಬ್ಯಾರಿ ಕಾಕ ಬಂದು ನಡೆಸಿಕೊಂಡು ಹೋದರು. ಹೊರಡುವ ದಿನ ನಾನು ಗಟ್ಟಿ ಮನಸ್ಸು ಮಾಡಿ ತಡಮೆ ದಾಟಿದೆ. ಹೇಳಲೇಬೇಕು ಎಂದು. ಅವರು ಖಾಲಿಯಾದ ಆಡಿನ ಗೂಡಿನ ಎದುರು ನಿಂತು ಕೊನೆಯ ಬುಟ್ಟಿ ಗೊಬ್ಬರಕ್ಕೆ ಮಡಲು ಮುಚ್ಚುತ್ತಿದ್ದರು.

"ಬಾಯಮ್ಮ, ಆ ವರ್ಷ... ಆ ಮೂಡುಬದಿಯ ಸಾಲು..."

ಅವರು ತಿರುಗಿ ನೋಡಿದರು. ಕಣ್ಣಿನಲ್ಲಿ ನಗು ಇತ್ತು.

"ಬೊಳ್ಳಿ ಅವತ್ತೇ ಎಲ್ಲ ಹೇಳಿದೆ ಮಗಾ. ನೀನು ಪುನಃ ಎಂತ ಹೇಳುದು," ಎಂದರು. "ಈ ಬುಟ್ಟಿ ನಿನ್ನ ಗಿಡಕ್ಕೆ ತೆಗೆದುಕೊಂಡು ಹೋಗು. ರುಚಿ ನೋಡಿಯೇ ಹಾಕು."

ನಾನು ಬುಟ್ಟಿ ತೆಗೆದುಕೊಂಡು ಬಂದೆ. ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಕಾರ್ಕಳದಲ್ಲಿ, ಮಂಚದ ಮೇಲೆ. ನನ್ನ ಗುರುತು ಸಿಕ್ಕಲಿಲ್ಲ. ನನ್ನ ಅಂಗೈಯನ್ನು ತಿರುಗಿಸಿ ಉಗುರಿನ ಸಂದಿ ನೋಡಿದರು, ಅಷ್ಟೇ. ಅವರು ತೀರಿಕೊಂಡ ಸುದ್ದಿ ನಿಮ್ಮ ಅಜ್ಜ ಬಸ್ಸಿನಿಂದ ತಂದರು. ಮಣ್ಣು ಕೊಟ್ಟು ಎರಡು ದಿನ ಆಗಿತ್ತು.

ಅವರಿಗೆ ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಅದು ಅವರು ಹೇಳಿದ ಹಾಗೆಯೇ. ಹೇಳಬೇಕಾಗಿದ್ದದ್ದು ಅತ್ತೆಗೆ, ಆ ಕಾಪುವಿನ ಹೆಂಗಸಿಗೆ, ಜಗಲಿಗೆ ಬಾರದವರಿಗೆ. ಅವರಲ್ಲಿ ಈಗ ಯಾರೂ ಇಲ್ಲ. ಅತ್ತೆ ಹೋದರು, ಅಜ್ಜ ಹೋದರು. ಬೇಲಿಯ ಜಾಗದಲ್ಲಿ ಕಲ್ಲಿನ ಕಾಂಪೌಂಡು ಬಂದು ಎಷ್ಟೋ ಕಾಲವಾಯಿತು. ಮುಳ್ಳಿಗೆ ಹೆದರಿ ಸುಮ್ಮನಿದ್ದವಳ ಎದುರಿಗೆ ಈಗ ತಡಮೆಯೇ ಇಲ್ಲ.

ಆದ್ದರಿಂದ ಇಲ್ಲಿ ಬರೆದಿಡುತ್ತೇನೆ. ಬಾಯಮ್ಮ ಹಸಿ ಗೊಬ್ಬರ ಹಾಕಿದವರಲ್ಲ. ಅವರ ಕೈಯಿಂದ ಒಂದು ಗಿಡವೂ ಸಾಯಲಿಲ್ಲ. ಆ ಏಳು ಗಿಡಗಳನ್ನು ಕೊಂದದ್ದು ಎರ್ಮಾಳಿನ ಉಪ್ಪು, ಹಾಕಿದ್ದು ನಾನು.

ನೀವು ಗೊಬ್ಬರ ತಂದುಕೊಟ್ಟ ನಮ್ಮ ಅಂಗಳದ ಮಲ್ಲಿಗೆ ಇದೆಯಲ್ಲ, ಅದು ಆ ಮಡಕೆಯ ಕಡ್ಡಿಯ ವಂಶ. ಅದರ ಗೆಲ್ಲು ನಾನು ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ನಿಮ್ಮದು ಒಳ್ಳೆಯ ಕೈಗುಣ ಅಮ್ಮ ಎಂದು ಹೇಳಿದವರಿಗೆಲ್ಲ ತಲೆಯಾಡಿಸಿದ್ದೇನೆ, ಅದೂ ತಪ್ಪೇ. ಈ ಮಳೆಗೆ ಒಂದು ಗೆಲ್ಲು ಬೇರು ಬರಿಸಿ ಇಟ್ಟಿದ್ದೇನೆ. ಬಾಯಮ್ಮ ಬಾಣಂತನಕ್ಕೆ ಹೋದಾಗ ಹುಟ್ಟಿದ ಮೊಮ್ಮಗಳು ಕಾರ್ಕಳದಲ್ಲೇ ಇದ್ದಾಳೆ, ಈಗ ಅವಳೂ ಅಜ್ಜಿ. ನೀವಿಬ್ಬರೂ ಗಿಡ ತೆಗೆದುಕೊಂಡು ಅವಳಲ್ಲಿಗೆ ಹೋಗಿ, ಇದನ್ನು ಅವಳ ಮನೆಯವರೆಲ್ಲ ಕೇಳುವ ಹಾಗೆ ಓದಿ. ನಾನು ಜೊತೆಗೆ ಬರುತ್ತೇನೆ. ಆದರೆ ಓದುವವರು ನೀವು.

ಓದಿದ ಮೇಲೆ ಹಾಳೆಗಳನ್ನು ಅಲ್ಲಿ ಬಿಟ್ಟು ಬರಬೇಡಿ. ಹಿಂದೆ ತಂದು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಸೀರೆಯ ಅಡಿಯಲ್ಲಿ, ಒದ್ದೆಯಾಗದ ಹಾಗೆ ಇಡಿ. ಮುಂದೆ ನಿಮ್ಮ ಮಕ್ಕಳು ಆ ಗಿಡದಿಂದ ಗೆಲ್ಲು ಕೊಡುವಾಗ, ಕೈಗುಣ ಯಾರದ್ದು ಎಂದು ಯಾರಾದರೂ ಕೇಳಿಯಾರು. ಆಗ ತೆಗೆದು ತೋರಿಸಲು ಇದು ಬೇಕು.